ಎಂಟು ಬೆರಳು, ಒಂದು ಬೆಳಕಿಂಡಿ

ಮತ್ತೊಂದು ಹಂಪು, ಟೆಂಪೋ ಎಗರಿ ಬಿತ್ತು, ತೊಡೆಯ ಮೇಲಿದ್ದ ಚೀಲದ ಬಟ್ಟೆಯ ಮೇಲಿಂದಲೇ ಸಾಯಿಕುಮಾರನ ಬೆರಳುಗಳು ಒಳಗಿನ ಕ್ಲಾರ್ನೆಟ್ಟಿನ ತೂತುಗಳನ್ನು ಹುಡುಕಿ ಮುಚ್ಚಿಕೊಂಡವು, ಏಳು ಬೆರಳು ಹೇಳಿದ ಹೊತ್ತಿಗೆ ಬಂದವು, ಒಂದು ಬರಲಿಲ್ಲ — ಅದೇ, ಬಲಗೈಯ ಉಂಗುರದ ಬೆರಳು, ಹೊಡೆದಾಟವೆಲ್ಲ ಮುಗಿದ ಮೇಲೆ ಜೀಪಿನಲ್ಲಿ ಬಂದಿಳಿಯುವ ಸಿನಿಮಾ ಪೊಲೀಸಿನ ಹಾಗೆ ಅರೆಗಳಿಗೆ ತಡವಾಗಿ ಬಂತು, ಬಂದು ತೂತಿನ ಅಂಚಿಗೆ ಒರಗಿ ಕೂತಿತು, ಪೂರ್ತಿ ಮುಚ್ಚಲಿಲ್ಲ. ಸುರಪುರ ಬಿಟ್ಟು ಹತ್ತು ನಿಮಿಷ ಆಗಿಲ್ಲ, ಇದು ಆರನೇ ಹಂಪು, ಆರರಲ್ಲಿ ಎರಡು ಸಲ ಮಾತ್ರ ಎಂಟೂ ಬೆರಳು ಒಟ್ಟಿಗೆ ಮುಚ್ಚಿವೆ, ಆರಕ್ಕೆ ಎರಡು ಅಂದರೆ ನೂರಕ್ಕೆ ಮೂವತ್ತಮೂರು, ಪಿಯುಸಿ ಇಂಗ್ಲಿಷಿನಲ್ಲೂ ಇಷ್ಟೇ ಬಂದಿತ್ತು, ಎರಡು ಮಾರ್ಕಿಗೆ ಫೇಲು, ಆದರೆ ಪರೀಕ್ಷೆಗೆ ಸಪ್ಲಿಮೆಂಟರಿ ಇರುತ್ತದೆ, ಯಾದಗಿರಿಯ ಮದುವೆ ಮೆರವಣಿಗೆಗೆ, ಅದೂ ಬ್ಯಾಂಡಿನಲ್ಲಿ ಇವನು ಊದುವ ಮೊಟ್ಟಮೊದಲನೆಯದಕ್ಕೆ, ಇರುವುದಿಲ್ಲ. ಏ ಸಾಯ್ಯಾ, ಯಾಕ ಹಿಚಕಾಕತ್ತೀಯಲೇ ಅದನ್ನ, ಕೋಳಿ ಏನದು — ಡ್ರೈವರನ ಪಕ್ಕದಿಂದ ತಿರುಗಿ ಹಿಂದಿನ ಕಿಂಡಿಯಲ್ಲಿ ಮುಖ ತೂರಿಸಿದ ಸೂಗಪ್ಪ ಕಾಕಾ, ಬ್ಯಾಂಡಿನ ಮಾಲೀಕ, ಎಡಗೆನ್ನೆಯಲ್ಲಿ ಎಲೆ ಅಡಿಕೆ, ಬಲಗೆನ್ನೆಯಲ್ಲಿ ಸಂಶಯ. ಬೆಳಿಗ್ಗೆ ಟೆಂಪೋ ಹತ್ತುವಾಗಲೇ ತೀರ್ಪು ಕೊಟ್ಟಾಗಿದೆ, ನೋಡಪಾ, ಪದದ ಮೊದಲನೇ ಸಾಲು ಕೆಳಗಿನ ಸ್ವರದಾಗ ಅದ, ಅಷ್ಟ ನೀ ಊದು, ಮ್ಯಾಲ ಏರೋ ಸಾಲು ಬಂತಂದ್ರ ಬಾಯಾಗ ಇಟ್ಕೊಂಡು ಸುಮ್ನ ಬೆರಳ ಆಡಸು, ಶ್ರೀಮಂತ ಟ್ರಂಪೆಟ್ ಊದತಾನ, ಮಂದಿಗಿ ಏನ್ ತಿಳೀತದ, ಒಂದ ಸಲ ಅದು ಚೀರಿತಂದ್ರ ಮುಗೀತು ನೋಡು, ಬರೋ ಸೀಜನ್ನಿಂದ ಕೀಬೋರ್ಡ್ ತರತೀನಿ, ಈ ಕ್ಲಾರ್ನೆಟ್ ಪೀಪಿ ತಿರುಗಿ ಅದರ ಮಾಲಕಿ ಚಾಚಿ ಮನಿ ಗೂಟಕ್ಕ, ನೀ ನಿನ್ನ ಝೆರಾಕ್ಸ್ ಅಂಗಡಿಗಿ. ಬೆರಳು ಆಡಿಸಬೇಕಂತೆ, ಯಾರದೋ ದನಿಗೆ ತುಟಿ ಆಡಿಸುವ ಹೀರೋನ ಹಾಗೆ, ಇಷ್ಟು ವರ್ಷ ಆ ಹೀರೋಗಳಿಗೇ ಸೀಟಿ ಹೊಡೆದು ಗಂಟಲು ಹರಿದುಕೊಂಡವನಿಗೆ ಈ ಮಾತು ಯಾಕೆ ಮೈಗೆ ಮುಳ್ಳಾಯಿತೋ, ಕಾಕಾ, ಗನ್ ಖಾಲಿ ಇರಬಹುದು, ಆದ್ರೆ ಟ್ರಿಗರ್ ಮೇಲಿರೋ ಬೆರಳು ನಂದು, ಎಂದು ಬೆಂಗಳೂರಿನ ಗತ್ತಿನಲ್ಲಿ ಒಂದು ಡೈಲಾಗ್ ಬಿಟ್ಟಿದ್ದ, ಕಾಕಾ ಕ್ಯಾಕರಿಸಿ ಉಗುಳಿ, ಆ ಬೆರಳಾ ಸರಿ ಇಲ್ಲಲೇ ನಿನ್ನವು, ಅದಕ್ಕ ಹೇಳಾಕತ್ತೀನಿ, ಎಂದಿದ್ದ, ಟೆಂಪೋದಲ್ಲಿ ಎಲ್ಲರೂ ನಕ್ಕರು, ಡೈಲಾಗಿಗೆ ಡೈಲಾಗ್ ಕೊಡುವವರು ಇವನ ಅವ್ವ ರೇಣಮ್ಮನನ್ನು ಬಿಟ್ಟರೆ ಕಾಕಾ ಒಬ್ಬನೇ.

ಹಿಂದಕ್ಕೆ ನಡೆಯುವುದರಲ್ಲಿ ಸಾಯಿಕುಮಾರನಿಗಿಂತ ದೊಡ್ಡವರು ಸುರಪುರ ತಾಲೂಕಿನಲ್ಲಿ ಹುಟ್ಟಿಲ್ಲ, ಇದು ಕೊಚ್ಚಿಕೊಳ್ಳುವುದಲ್ಲ, ಸತ್ಯ, ರಂಗಂಪೇಟೆಯಿಂದ ಬಸ್‌ಸ್ಟ್ಯಾಂಡಿನವರೆಗೆ ಬ್ಯಾಂಡಿಗೆ ಮುಖ ಕೊಟ್ಟು, ರಸ್ತೆಗೆ ಬೆನ್ನು ಕೊಟ್ಟು, ಒಂದು ಸಲವೂ ತಿರುಗಿ ನೋಡದೆ ಕುಣಿಯುತ್ತಾ ಹೋಗಿದ್ದಾನೆ, ಗಟಾರ, ಎಮ್ಮೆ, ಬೈಕು, ಬೀಗರ ಹಿರಿಯರು, ಯಾವುದಕ್ಕೂ ಬೆನ್ನು ತಾಗಿಸದೆ, ಮದುವೆ ಯಾರದು ಎಂದು ಕೇಳಿದರೆ ಗೊತ್ತಿಲ್ಲ, ಮದುಮಗನ ಹೆಸರು ಬ್ಯಾನರ್ ನೋಡಿ ಹೇಳಬೇಕು, ಕರೆದವರ ಮದುವೆಗೆ ಎಲ್ಲರೂ ಹೋಗ್ತಾರೆ, ಕರೆಯದ ಮದುವೆಗೆ ಹೋಗೋಕೆ ಗುಂಡಿಗೆ ಬೇಕು. ಮಂದಿ ಅವನ ಕಾಲು ನೋಡುತ್ತಿದ್ದರು, ಅವನು ನೋಡುತ್ತಿದ್ದುದು ಬ್ಯಾಂಡಿನಲ್ಲಿ ಕ್ಲಾರ್ನೆಟ್ ಊದುವ ಅಲ್ಲಾಬಕ್ಷ ಮಾಸ್ತರರ ಬೆರಳು, ಕಪ್ಪು ಕಟ್ಟಿಗೆಯ ಮೇಲೆ ಬೆರಳಿಂದ ಒತ್ತುವ ಬಿಳಿ ಲೋಹದ ಚಾವಿಗಳ ನಡುವೆ ಆ ಬೆರಳುಗಳು ಏಳುತ್ತವೆ, ಬೀಳುತ್ತವೆ, ಅವಸರವೇ ಇಲ್ಲ, ರಸ್ತೆಯೆಲ್ಲ ಹುಚ್ಚೆದ್ದು ಕುಣಿಯುವಾಗ ಆ ಹತ್ತು ಬೆರಳು ಮಾತ್ರ ಮನೆಯ ಕಟ್ಟೆಯ ಮೇಲೆ ಕೂತು ಹೆಸರುಕಾಳು ಆರಿಸುತ್ತಿರುವಂತೆ. ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಆ ಬೆರಳುಗಳಿಗೇ ಸವಾಲು ಹಾಕಿದ್ದು, ಗೆಳೆಯರ ಜತೆ ಪಂಥ, ಮಾಸ್ತರರ ಎದುರಿಗೆ ನಿಂತು ಹಸಿ ಹುಣಸೆಕಾಯಿ ಕಚ್ಚಿ ಚಪ್ಪರಿಸುವುದು, ಎದುರಿಗೆ ಯಾರಾದರೂ ಹುಳಿ ತಿಂದರೆ ಊದುವವನ ಬಾಯಲ್ಲಿ ನೀರೂರುತ್ತದೆ, ನೀರು ಪೀಪಿಗಿಳಿಯುತ್ತದೆ, ಉಸಿರು ಜಾರುತ್ತದೆ, ಎರಡು ಬ್ಯಾಂಡಿನ ಟ್ರಂಪೆಟ್ಟಿನವರನ್ನು ಹೀಗೆಯೇ ಹಳ್ಳ ಹಿಡಿಸಿದ್ದ. ಮಾಸ್ತರರು ಊದುತ್ತಾ ಊದುತ್ತಾ ಹತ್ತಿರ ಬಂದರು, ಪೀಪಿ ಬಾಯಿಂದ ತೆಗೆದರು, ಒಂದು ಕೈ ಚಾಚಿ ಅವನ ಕೈಯಿಂದಲೇ ಹುಣಸೆಕಾಯಿ ಕಸಿದು ಕಚಕ್ ಎಂದು ಕಚ್ಚಿ ಅಗಿದರು, ಹುಳಿ ಕಮ್ಮಿ ಅದ ಮಗನ, ಇನ್ನೊಂದ್ ಸ್ವಲ್ಪ ಬಲೀಬೇಕಿತ್ತು ಇದು, ಎಂದರು, ನುಂಗಿ, ಪೀಪಿ ಬಾಯಿಗಿಟ್ಟು ಸೀದಾ ಮೇಲಿನ ಸ್ವರಕ್ಕೆ ಹತ್ತಿದರು, ಆಹಾ, ಅದು ಎಂಟ್ರಿ, ಸ್ಲೋ ಮೋಷನ್ ಬೇಡ, ಹೊಗೆ ಬೇಡ, ಫ್ಯಾನ್ ಹಚ್ಚಿ ಕೂದಲು ಹಾರಿಸುವುದು ಬೇಡ, ಇಡೀ ಬಜಾರು ಸೀಟಿ ಹೊಡೆಯಿತು, ಸೋತವನೇ ಎಲ್ಲರಿಗಿಂತ ಜೋರಾಗಿ ಹೊಡೆದ, ಹೊಡೆಯುತ್ತಾ ಹಿಂದಕ್ಕೆ ನಡೆಯುತ್ತಾ ಒಂದೇ ಯೋಚನೆ, ಆ ಕಡೆ ನಿಂತರೆ ಹೇಗಿರುತ್ತದೆ, ಮುಂದಕ್ಕೆ ನಡೆಯುತ್ತಾ, ಬೆರಳ ತುದಿಯಲ್ಲಿ ಇಡೀ ರಸ್ತೆಯನ್ನು ಹಿಂದಕ್ಕೆ ತಳ್ಳುತ್ತಾ.

ಮಾಸ್ತರರು ತೀರಿಕೊಂಡು ಎರಡು ವರ್ಷ, ಕ್ಲಾರ್ನೆಟ್ಟು ಅವರ ಮನೆಯ ಗೋಡೆಯ ಗೂಟಕ್ಕೆ, ಬ್ಯಾಂಡಿನಲ್ಲಿ ಉಳಿದಿದ್ದು ಬರೀ ಢೋಲು, ಟ್ರಂಪೆಟ್ಟು, ಕಾಕಾ ಕೈಯಲ್ಲಿ ಅಲ್ಲಾಡಿಸುವ ಗಿಲಕಿ, ಸಪ್ಪಗೆ, ಉಪ್ಪಿಲ್ಲದ ಪುಂಡಿಪಲ್ಯದ ಹಾಗೆ. ಝೆರಾಕ್ಸ್ ಅಂಗಡಿಯಲ್ಲಿ ಕರೆಂಟು ಹೋದಾಗಲೆಲ್ಲ ಅವನು ಪ್ಲಾಸ್ಟಿಕ್ಕಿನ ನೀರಿನ ಪೈಪಿನ ತುಂಡು ಹಿಡಿದು ಕೂರುತ್ತಿದ್ದ, ಕಾಯಿಸಿದ ಮೊಳೆಯಿಂದ ಚುಚ್ಚಿದ ತೂತುಗಳು, ಊದಿದರೆ ಸದ್ದಿಲ್ಲ, ಸದ್ದು ಯಾರಿಗೆ ಬೇಕು, ಬೆರಳು ಕಲಿತರೆ ಸಾಕು, ಒಂಬತ್ತು ವರ್ಷ ಎದುರಿಗೆ ನಿಂತು ನೋಡಿದ ಬೆರಳು, ಎರಡು ತಿಂಗಳು, ದಿನಾ, ಪಹಣಿ ಝೆರಾಕ್ಸಿಗೆ ಬಂದವರು, ಏನಪಾ ಪೈಪಿಗಿ ಏನಾಗ್ಯದ, ಸೋರಾಕತ್ತದೇನು ಎಂದು ಕೇಳುತ್ತಿದ್ದರು, ಹೌದ್ರಿ, ಸ್ವರ ಸೋರಾಕತ್ತದ್ರಿ ಎನ್ನುತ್ತಿದ್ದ. ಅಂತರ್ಜಾಲದಿಂದ ಬೆರಳಿನ ನಕ್ಷೆಯೊಂದನ್ನೂ ತೆಗೆದು, ಮಷೀನಿನಲ್ಲಿ ದೊಡ್ಡದು ಮಾಡಿ, ಸುರುಳಿ ಸುತ್ತಿಕೊಂಡು, ಒಂದು ಶುಕ್ರವಾರ ಮಧ್ಯಾಹ್ನ ಮಾಸ್ತರರ ಹೆಂಡತಿ ಖುರ್ಷೀದಬೇಗಂ ಚಾಚಿಯ ಮುಂದೆ ಹೋಗಿ ನಿಂತ, ಚಾಚಿ, ಆ ಪೀಪಿ ಒಂದ್ಸಲ ಕೊಡ್ರಿ. ಚಾಚಿ ನಕ್ಷೆ ಬಿಡಿಸಿ ನೋಡಿದಳು, ಕರಿ ಚುಕ್ಕಿ ಅಂದರೆ ಮುಚ್ಚಿದ ತೂತು, ಬಿಳಿ ಚುಕ್ಕಿ ಅಂದರೆ ತೆರೆದದ್ದು, ಇದೇನ್ ಬೇಟಾ, ಪಗಡಿ ಹಾಸೇನು, ಕಾಗದ ಊದತೀಯೋ ಕಟಗಿ ಊದತೀಯೋ ಎಂದಳು, ಆದರೂ ಗೂಟದಿಂದ ಇಳಿಸಿ ಕೊಟ್ಟಳು, ಅವನು ಹೀರೋ ಗತ್ತಿನಲ್ಲಿ ಹಿಡಿದ, ಚಾಚಿ ನೋಡಿದಳು, ಇನ್ನೊಮ್ಮೆ ನೋಡಿದಳು, ಆಮೇಲೆ ಸೆರಗು ಬಾಯಿಗೆ ಒತ್ತಿಕೊಂಡು ನಗಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ, ಯಾ ಅಲ್ಲಾ, ಕನ್ನಡಿಯೊಳಗ ನೋಡಿ ಕಲ್ತೀಯೇನಲೇ. ಬಲಗೈ ಮೇಲೆ, ಎಡಗೈ ಕೆಳಗೆ, ಪೂರ್ತಿ ಉಲ್ಟಾ. ಎದುರಿಗೆ ನಿಂತು ನೋಡಿದವನಿಗೆ ಮಾಸ್ತರರ ಎಡಗೈ ತನ್ನ ಬಲಗೈಯ ನೇರಕ್ಕೇ ಕಂಡಿತ್ತು, ಕೊಳಲಿಗಾದರೆ ಎತ್ತ ಹಿಡಿದರೂ ನಡೆಯುತ್ತದೆ, ಕ್ಲಾರ್ನೆಟ್ಟಿನ ಚಾವಿಗಳು ಒಪ್ಪುವುದಿಲ್ಲ, ಎಡಗೈ ಮೇಲೆ, ಬಲಗೈ ಕೆಳಗೆ, ಅಷ್ಟೇ, ಕಿರುಬೆರಳಿಗೆ ಎಟುಕಬೇಕಾದ ಚಾವಿ ಇವನಿಗೆ ಆ ಕಡೆ ಊರಿಗೇ ಹೋಗಿ ಕೂತಿತ್ತು. ಒಂಬತ್ತು ವರ್ಷ ಹಿಂದಕ್ಕೆ ನಡೆದ ಫಲ, ಬೇರೆ ಯಾವ ಊರಿನ ಗಂಡಸೂ ಮಾಡಲಾಗದ ತಪ್ಪು, ಕುಣಿದು ಕುಣಿದು ಮಾಡಿದ ತಪ್ಪು. ಬೇರೆ ಯಾರಾದರೂ ಆಗಿದ್ದರೆ ಮನೆಗೆ ಹೋಗುತ್ತಿದ್ದರು, ಅವನು ಹೇಳಿದ, ಚಾಚಿ, ಫಸ್ಟ್ ಹಾಫ್‌ನಲ್ಲಿ ಹೀರೋ ಹೊಡೆಸಿಕೊಳ್ಳಲೇಬೇಕು, ಇಂಟರ್ವಲ್ ಆಗಲಿ ತಡೀರಿ. ಆತು ಬಿಡು, ನಾಳಿಗಿ ಬಾ, ಉಗುರ ತಕ್ಕೊಂಡ್ ಬಾ, ಎಂದಳು ಚಾಚಿ, ನಗುವಿನ ನೀರು ಒರೆಸಿಕೊಳ್ಳುತ್ತಾ.

ಹಂಪು, ಎಂಟು ಬೆರಳು, ಈ ಸಲ ಎಂಟೂ, ಇಲ್ಲ, ಏಳೂವರೆ. ಚಾಚಿ ಇಲ್ಲಿ ಪಕ್ಕದಲ್ಲಿದ್ದರೆ ಕೈ ತೋರಸು ಎನ್ನುತ್ತಿದ್ದಳು. ಅವಳ ಶಾಲೆಯಲ್ಲಿ ಪಾಟಿ ಇಲ್ಲ, ಪುಸ್ತಕ ಇಲ್ಲ, ರೊಟ್ಟಿ ಹಂಚಿನ ತಳದ ಮಸಿ ಕೆರೆದು ಅದಕ್ಕೆರಡು ಹನಿ ಕೊಬ್ಬರಿ ಎಣ್ಣೆ ಕಲಸಿ ಪೀಪಿಯ ಒಂದೊಂದು ತೂತಿನ ಅಂಚಿಗೂ ತೆಳ್ಳಗೆ ಸವರುತ್ತಾಳೆ, ಹಿಡಿ, ಮುಚ್ಚು, ಊದು, ಈಗ ಕೈ ತೋರಸು, ಬೆರಳಿನ ಮೆತ್ತನೆ ಹೊಟ್ಟೆಯ ಮೇಲೆ ಕಪ್ಪು ಬಳೆ ಮೂಡಿರುತ್ತದೆ, ದುಂಡಗೆ, ಬಳೆ ಪೂರ್ತಿ ಮೂಡಿದರೆ ಆ ಬೆರಳು ತೂತು ಮುಚ್ಚಿದೆ, ಎಲ್ಲಾದರೂ ಒಡೆದಿದ್ದರೆ ಅಲ್ಲಿ ಗಾಳಿ ಸೋರಿದೆ, ಅಲ್ಲೇ ಪೀಪಿ ಚೀರಿದೆ. ಮೊದಲ ವಾರ ಅವನ ಬೆರಳುಗಳಲ್ಲಿ ಬಳೆಯೇ ಇಲ್ಲ, ಬರೀ ಚೂರು, ಸಂತೆಯಲ್ಲಿ ಬಳೆಗಾರನ ಬುಟ್ಟಿ ಮುಗುಚಿ ಬಿದ್ದ ಹಾಗೆ, ಆಮೇಲೆ ಎಡಗೈ ಹೆಬ್ಬೆರಳು ಪೂರಾ ಆಯಿತು, ತೋರುಬೆರಳು ಪೂರಾ, ನಡುಬೆರಳು, ಒಂದೊಂದಾಗಿ ಪಾಸಾಗುತ್ತಾ ಬಂದವು, ಬಲಗೈಯ ಉಂಗುರದ ಬೆರಳಿನ ಬಳೆ ಮಾತ್ರ ಒಡೆದೇ, ದಿನಾ ಒಡೆದೇ, ಕೆಳಗಡೆ ಅಕ್ಕಿಕಾಳಿನಷ್ಟು ಜಾಗ ಬಿಳಿ. ಒತ್ತಬ್ಯಾಡ ಬೇಟಾ, ಇಡು, ಎನ್ನುತ್ತಾಳೆ ಚಾಚಿ, ಒತ್ತಿದ್ರ ಬೆರಳು ಕಲ್ಲಾಗ್ತದ, ಕಲ್ಲು ತೂತ ಮುಚ್ಚಂಗಿಲ್ಲ, ಕಣಕ ಮುಚ್ಚತದ, ಕಣಕದಂಗ ಬಿಡು ಕೈ. ಕೆಳಗಿನ ಸ್ವರಗಳನ್ನೆಲ್ಲ ಕೆಳಗಿನ ಮನಿ ಅನ್ನುತ್ತಾಳೆ, ಅಲ್ಲಿ ಒಂದು ಬೆರಳು ಎತ್ತಿದರೆ ಒಂದು ಬಾಗಿಲು ತೆರೆದ ಹಾಗೆ, ಎತ್ತುತ್ತಾ ಎತ್ತುತ್ತಾ ಸ್ವರ ಮೇಲೇರುತ್ತದೆ, ಕೊನೆಗೆ ಎಲ್ಲ ಬಾಗಿಲೂ ತೆರೆದು ಒಂದೇ ಬೆರಳು ಉಳಿಯುತ್ತದೆ, ಅಲ್ಲಿಗೆ ಕೆಳಗಿನ ಮನೆ ಮುಗಿಯಿತು, ಮುಂದಿನ ಸ್ವರ ಮಾಳಿಗೆಯ ಮೇಲಿದೆ, ನಿಚ್ಚಣಿಕೆ ಇಲ್ಲ, ಎಲ್ಲಾ ಬಾಗಲಾ ಒಮ್ಮೆಲೆ ಮುಚ್ಚು, ಹೆಬ್ಬಟ್ಟಿನ ಮ್ಯಾಲಿನ ಸಣ್ಣ ಚಾವಿ ಒತ್ತು, ಅದು ಬೆಳಕಿಂಡಿ, ಅದೊಂದ ತೆರದಿರಬೇಕು, ಗಾಳಿ ಮ್ಯಾಲ ಹೋಗ್ತದ — ಒಂದು ಬೆರಳಿನಿಂದ ಎಂಟು ಬೆರಳಿಗೆ, ಕಣ್ಣು ಮಿಟುಕುವುದರೊಳಗೆ, ಎಲ್ಲವೂ ಒಟ್ಟಿಗೆ. ಅವನು ಮೊದಲು ಏನೆಂದುಕೊಂಡಿದ್ದ, ಕೊಳಲಿನ ಹಾಗೆ ಇರಬೇಕು, ಸಾ ಬೆರಳು ಹಿಡಿದು ಮೇಲಿನ ಚಾವಿ ಒತ್ತಿದರೆ ಮೇಲಿನ ಸಾ ಬರುತ್ತದೆ ಎಂದು, ಒತ್ತಿದ, ಬಂದಿದ್ದು ಪ, ಚಾಚಿ, ಇದು ಕೆಟ್ಟದ ಅನಸ್ತದ್ರಿ ಎಂದ, ಅದು ಕೆಟ್ಟಿಲ್ಲಪಾ, ಮ್ಯಾಲಿನ ಮನ್ಯಾಗ ಬ್ಯಾರೆ ಮಂದಿ ಇರ್ತಾರ, ಕೆಳಗಿನವ್ರ ಹೆಸರ ಹಿಡದು ಕರದ್ರ ಅವ್ರ್ಯಾಕ ಓ ಅಂತಾರ ಎಂದಳು. ಇವಳಿಗೆ ಇದೆಲ್ಲ ಹೇಗೆ ಗೊತ್ತು ಎಂದು ಕೇಳಿದರೆ, ಮೂವತ್ತು ವರ್ಷ ಮಾಸ್ತರರ ಪೀಪಿಯ ಚಾವಿಗಳಡಿಯ ಮೆತ್ತನೆಯ ಬಿಲ್ಲೆ ಬದಲಿಸಿ ಅಂಟಿಸಿದವಳು ತಾನೇ, ಅಂಟಿಸಿದ ಮೇಲೆ ಸೋರುತ್ತದೋ ಇಲ್ಲವೋ ನೋಡಬೇಕಲ್ಲ, ಬಾಗಿಲು ಹಾಕಿಕೊಂಡು ಊದುತ್ತಿದ್ದಳಂತೆ, ನಾ ಎಲ್ಲಿ ಊದೀನಿ, ಬರೇ ನೋಡತಿದ್ದೆ ಎನ್ನುತ್ತಾಳೆ, ಒಂದು ದಿನ ಅವನ ಕೈಯಿಂದ ಇಸಿದುಕೊಂಡು ಹೀಗೇ ಬರೇ ನೋಡಿದಳು, ಕೆಳಗಿನ ಮನೆಯಿಂದ ಮಾಳಿಗೆಗೆ, ಮಾಳಿಗೆಯಿಂದ ಕೆಳಗೆ, ಮಧ್ಯದಲ್ಲಿ ಎಲ್ಲೂ ಗೀರಿಲ್ಲ, ಕೂದಲೆಳೆಯಷ್ಟೂ ಇಲ್ಲ, ಪಕ್ಕದ ಮನೆಯ ಆಮೀನಾ ಕುಕ್ಕರ್ ಒಲೆಯ ಮೇಲೆ ಬಿಟ್ಟು ಕಾಂಪೌಂಡಿಗೆ ಬಂದು ನಿಂತಳು, ಚಾಚಿ ಪೀಪಿ ಇಳಿಸಿ ಬೆರಳು ತೋರಿಸಿದಳು, ಎಂಟನೇ ಬೆರಳು ಚಾವಿಯದು, ಉಳಿದ ಏಳರ ಮೇಲೂ ಏಳು ಬಳೆ, ಒಂದೂ ಒಡೆದಿಲ್ಲ.

ಶಹಾಪುರ, ಬೆಟ್ಟದ ಬಂಡೆಗಳೇ ಮೂಡಿಸಿದ ಬುದ್ಧ ಇನ್ನೂ ಮಲಗಿದ್ದಾನೆ, ಆರಾಮ ಇದ್ದಾನೆ, ಅವನಿಗೆ ಯಾರು ಬೆರಳು ಆಡಿಸು ಎಂದು ಹೇಳುವವರು, ಟೆಂಪೋ ಚಹಾದಂಗಡಿಗೆ ನಿಂತಿತು, ಮಿರ್ಚಿ, ಮಂಡಕ್ಕಿ, ಟ್ರಂಪೆಟ್ಟಿನ ಶ್ರೀಮಂತ ಎಣ್ಣೆ ತುಟಿ ಒರೆಸಿಕೊಂಡು ಪಕ್ಕಕ್ಕೆ ಬಂದ, ಹೆಸರು ಶ್ರೀಮಂತ, ಕೋಟಿನ ಎರಡು ಗುಂಡಿಯ ಜಾಗದಲ್ಲಿ ಪಿನ್ನು, ಸಾಯ್ಯಾ, ಖರೆ ಹೇಳು, ಮ್ಯಾಲಿಂದು ಬರ್ತದೋ ಇಲ್ಲೋ. ಬರ್ತದಣ್ಣ. ಎಷ್ಟ ಸಲ ಬರ್ತದ. ಹತ್ತಕ್ಕ ಆರು ಸಲ. ಉಳದ ನಾಕು ಸಲ? ಉಳದ ನಾಕು ಸಲ ಚಾಚಿ ಮನಿ ಬೆಕ್ಕು ಓಡಿಹೋಗ್ತದ. ಶ್ರೀಮಂತ ನಗಲಿಲ್ಲ, ನೋಡು ತಮ್ಮಾ, ಆ ಸಾಲು ನನಗೂ ಜಡ, ಮೂರು ಮೆರವಣಿಗಿ ಊದಿ ಊದಿ ತುಟಿ ಬಾತಾವ, ನೀ ಹೂಂ ಅಂದ್ರ ನಾ ಸುಮ್ನ ನಿಲ್ತೀನಿ, ಕಾಕಾ ಬೈದ್ರ ಉಸರು ಸಿಗಲಿಲ್ಲ ಅಂತೀನಿ, ಆದ್ರ ಚೀರಿತಂದ್ರ ನನ್ನ ಹೆಸರು ತರಬ್ಯಾಡ. ಎಂಥಾ ಮಾತು, ಎಷ್ಟು ಸಿನಿಮಾ ನೋಡಿದ್ದಾನೆ, ಗೆಳೆಯ ಪ್ರಾಣ ಕೊಡುತ್ತಾನೆ, ಗುಂಡಿಗೆ ಎದೆ ಕೊಡುತ್ತಾನೆ, ಹೀಗೆ ಮಿರ್ಚಿ ತಿನ್ನುತ್ತಾ ಒಂದು ಸಾಲು ಬಿಟ್ಟುಕೊಡುವ ಗೆಳೆಯನನ್ನು ಯಾವ ಡೈರೆಕ್ಟರೂ ತೋರಿಸಿಲ್ಲ, ಹೂಂ ಅಣ್ಣ ಎಂದ. ಈಗ ನೆವ ಇಲ್ಲ, ಮುಚ್ಚಲು ಟ್ರಂಪೆಟ್ಟಿಲ್ಲ, ಸುಮ್ಮನೆ ಬೆರಳು ಆಡಿಸಿದರೆ ರಸ್ತೆಯ ಮಧ್ಯದಲ್ಲಿ ಬರೀ ಢೋಲು ಕೇಳುತ್ತದೆ, ಊದಲೇಬೇಕು, ಊದಿದರೆ ಹತ್ತಕ್ಕೆ ನಾಲ್ಕು ಸಲ ಬೆಕ್ಕು. ಭೀಮಾ ಸೇತುವೆಯ ಮೇಲೆ ಗಾಳಿ ಕೋಟಿನೊಳಗೆ ನುಗ್ಗಿತು, ಮಾಸ್ತರರ ಕೋಟು, ನೀಲಿ, ಭುಜಕ್ಕೆ ಕೆಂಪು ಗೊಂಡೆ, ಚಾಚಿ ನಿನ್ನೆ ಇಸ್ತ್ರಿ ಮಾಡಿ ಕೊಟ್ಟಿದ್ದು, ತೋಳು ಎರಡು ಬೆರಳು ಉದ್ದ, ಮಡಚಿಕೊಂಡಿದ್ದಾನೆ, ಮುದನಾಳ ಬಂತು, ಹೋಯಿತು, ಹಂಪು, ಎಂಟು ಬೆರಳು, ಅವನು ನೋಡಲಿಲ್ಲ, ನೋಡುವ ಧೈರ್ಯ ಆಗಲಿಲ್ಲ.

ಯಾದಗಿರಿ, ಹನುಮಪ್ಪನ ಗುಡಿ, ಬಿಸಿಲು ಇನ್ನೂ ಹದವಾಗಿದೆ, ಗಂಡಿನವರು ಕಕ್ಕೇರಾದವರು, ಹೆಣ್ಣಿನವರು ಕೊಂಕಲ್‌ನವರು, ಎರಡೂ ಊರಿನ ಹುಡುಗರು ಕೂದಲಿಗೆ ಬಣ್ಣ, ಕೊರಳಿಗೆ ಟವೆಲ್, ಬ್ಯಾಂಡ್ ಹಚ್ರಿ, ಹಚ್ರಿ ಬ್ಯಾಂಡು, ಅಯ್ಯಣ್ಣ ಢೋಲಿನ ಹಗ್ಗ ಬಿಗಿದ, ಕಾಕಾ ಗಿಲಕಿ ಎತ್ತಿ ಕಿವಿಯ ಹತ್ತಿರ ಬಂದು, ನೆನಪದಲ್ಲ, ಮ್ಯಾಲ ಬರೇ ಬೆರಳು, ಎಂದ, ಈ ವರ್ಷ ಎಲ್ಲರ ಮೊಬೈಲಿನಲ್ಲೂ ಬಡಿದುಕೊಳ್ಳುವ ಆ ಹಾಡು, ಢಂ, ಮೊದಲನೇ ಸಾಲು, ಕೆಳಗಿನ ಮನೆ, ಇಲ್ಲಿ ಅವನು ರಾಜ, ಬಾಗಿಲು ತೆರೆ, ಬಾಗಿಲು ಹಾಕು, ಪೀಪಿಯ ಬಾಯಿಗೆ ಕಟ್ಟಿದ ಬೆತ್ತದ ಪತ್ತಿ ತುಟಿಯ ಮೇಲೆ ಜುಂ ಎನ್ನುತ್ತಿದೆ, ಹುಡುಗರು ಕುಣಿಯುತ್ತಿದ್ದಾರೆ, ಅವನು ಮುಂದಕ್ಕೆ ನಡೆಯುತ್ತಿದ್ದಾನೆ, ಮುಂದಕ್ಕೆ, ದೇವರೇ, ರಸ್ತೆ ಈ ಕಡೆಯಿಂದ ಹೀಗೆ ಕಾಣುತ್ತದೆಯೇ, ಸಾಲು ಏರುತ್ತಿದೆ, ಬೆರಳು ಎದ್ದವು, ಒಂದೊಂದೇ ಎದ್ದವು, ಕೊನೆಗೆ ಒಂದೇ ಒಂದು ಬೆರಳು, ಈಗ, ಶ್ರೀಮಂತ ಟ್ರಂಪೆಟ್ಟು ಇಳಿಸಿದ, ನಿಜಕ್ಕೂ ಇಳಿಸಿದ, ಈಗ, ಎಲ್ಲಾ ಬಾಗಿಲು, ಬೆಳಕಿಂಡಿ, ಒತ್ತಿದ, ಇದ್ದಬದ್ದ ಬಲವೆಲ್ಲ ಹಾಕಿ ಒತ್ತಿದ — ಕೀಂಯ್. ಅಂಥ ಚೀರು ಚಾಚಿಯ ಬೆಕ್ಕು ಸಹ ಕೇಳಿಲ್ಲ, ಕುಣಿಯುತ್ತಿದ್ದ ಹುಡುಗನೊಬ್ಬ ಎತ್ತಿದ ಕಾಲು ಎತ್ತಿದಂತೆಯೇ ನಿಂತ, ಮದುಮಗನ ಕುದುರೆ ಕಿವಿ ನಿಮಿರಿಸಿತು, ಕಾಕಾನ ಗಿಲಕಿ ಗಾಳಿಯಲ್ಲೇ ಉಳಿಯಿತು, ಗಿಲಕಿಯ ಹಿಂದೆ ಕಾಕಾನ ಕಣ್ಣು, ಆ ಕಣ್ಣಿನಲ್ಲಿ ಗೂಟ, ಗೋಡೆ, ಝೆರಾಕ್ಸ್ ಮಷೀನು, ಎಲ್ಲ ಕಂಡಿತು. ಬಾಯಲ್ಲಿ ಪೀಪಿ ಇದೆ, ಡೈಲಾಗ್ ಹೊಡೆಯಲು ಬಾಯಿ ಖಾಲಿ ಇಲ್ಲ, ಇಪ್ಪತ್ತೊಂದು ವರ್ಷದಲ್ಲಿ ಮೊದಲನೇ ಸಲ ಬಾಯಿ ಖಾಲಿ ಇಲ್ಲ, ಹಾಗಾದರೆ ಪೀಪಿಯಲ್ಲೇ ಹೊಡಿ, ಅವನು ಸೊಂಟದ ಮೇಲೆ ಒಂದು ಕೈ ಇಟ್ಟ, ಹುಬ್ಬು ಹಾರಿಸಿದ, ಅದೇ ಚೀರನ್ನು ಇನ್ನೊಮ್ಮೆ ಚೀರಿಸಿದ, ಬೇಕಂತಲೇ, ತಾಳಕ್ಕೆ ಸರಿಯಾಗಿ, ಎರಡು ಸಲ, ಕೀಂ ಕೀಂ, ಅಯ್ಯಣ್ಣನ ಕೈ ತಾನಾಗಿ ಢೋಲಿಗೆ ಬಿತ್ತು, ಢಂ ಢಂ, ಕೀಂ ಕೀಂ ಕೀಂ, ಢಂ ಢಂ ಢಂ, ಏ ಇವ್ನ, ಪೀಪಿ ನಗಾಕತ್ತದಲ್ಲೋ — ಆರತಿ ಹಿಡಿದಿದ್ದ ಮುದುಕಿಯೊಬ್ಬಳು ಕೂಗಿದಳು, ಎತ್ತಿದ ಕಾಲಿನ ಹುಡುಗ ಕಾಲು ಇಳಿಸಿದ, ಸೀಟಿ ಬಿತ್ತು, ಇನ್ನೊಂದು, ರಸ್ತೆಯ ತುಂಬ ಸೀಟಿ, ಮತ್ತೊಮ್ಮೆ, ಮತ್ತೊಮ್ಮೆ ನಗಸಲೇ ಅದನ್ನ, ಅವನ ಹೊಟ್ಟೆಯಲ್ಲೇ ನಗು ಎದ್ದಿತು, ಭುಜ ಇಳಿಯಿತು, ಮಣಿಕಟ್ಟು ಇಳಿಯಿತು, ಮಾಸ್ತರರ ಕೋಟಿನ ತೋಳಿನ ಮಡಿಕೆ ಬಿಚ್ಚಿ ಅಂಗೈ ಮೇಲೆ ಜಾರಿತು, ಜಾರಲಿ, ಕೈ ಸಡಿಲಾಗಿದೆ, ಕಣಕದಂಗ ಬಿಡು, ಬಿಟ್ಟಿದ್ದೇನೆ ಚಾಚಿ, ಬಿಟ್ಟಿದ್ದೇನೆ, ಸಾಲು ಮತ್ತೆ ಏರುತ್ತಿದೆ, ಒಂದೊಂದೇ ಬಾಗಿಲು ತೆರೆಯುತ್ತಿದೆ, ಒಂದೇ ಬೆರಳು, ಒತ್ತಲಿಲ್ಲ, ಇಟ್ಟ.

ಬಂತು. ಮಾಳಿಗೆ, ಮಾಳಿಗೆಯ ಮೇಲಿನ ಬಿಸಿಲು, ಕೆಳಗಿನ ಮನೆಯ ದನಿಯೇ ಅಲ್ಲ ಅದು, ಬೇರೆ ಮಂದಿ, ಎತ್ತರದವರು, ಮೇಲೆ ನಿಂತು ಊರನ್ನೇ ಕರೆಯುವವರು, ಅವನ ಎದೆಯಿಂದ ಹೊರಟ ಗಾಳಿ ಬೆಳಕಿಂಡಿಯಲ್ಲಿ ಹಾಯ್ದು ಯಾದಗಿರಿಯ ಕೋಟೆಯ ಗುಡ್ಡದವರೆಗೂ ಹೋಯಿತು ಎಂದು ಅವನಿಗೆ ಅನ್ನಿಸಿತು, ಯಾರಾದರೂ ಇಲ್ಲ ಅನ್ನಲಿ, ನೋಡೋಣ, ಹುಡುಗರ ಕಾಲು ಹುಚ್ಚಾದವು, ಶ್ರೀಮಂತ ಟ್ರಂಪೆಟ್ಟನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ತಾನೇ ಕುಣಿಯುತ್ತಿದ್ದಾನೆ, ಪಿನ್ನು ಬಿಚ್ಚಿಹೋಗಿ ಕೋಟು ಹಾರುತ್ತಿದೆ, ಏರಿದ ಸಾಲು ಇಳಿಯಿತು, ಮತ್ತೆ ಏರಿತು, ಇನ್ನೊಮ್ಮೆ ಇಟ್ಟ, ಇನ್ನೊಮ್ಮೆ ಬಂತು, ಮೂರು ಸಲ, ನಾಲ್ಕು, ಹತ್ತಕ್ಕೆ ಆರಲ್ಲ, ಹತ್ತಕ್ಕೆ ಹತ್ತು, ಎಣಿಸುವುದನ್ನೇ ಬಿಟ್ಟ, ಕಾಕಾ ಗಿಲಕಿ ಆಡಿಸುವುದು ಮರೆತು ಬಾಯಿ ತೆರೆದು ನಿಂತವನು ಕಿವಿಗೆ ಬಂದು ಅರಚಿದ, ಲೇ ಖೋಡಿ, ಮಂಟಪದ ಮುಂದ ಇನ್ನೊಮ್ಮಿ ಊದಬೇಕ ನೋಡಿದನ್ನ, ಆ ಚೀರೋದ ಸುದ್ದಾ ಬೇಕ ಅಂತಾರ ಗಂಡಿನವರು, ಸುದ್ದಾ, ಚೀರೋದೂ ಸುದ್ದಾ, ಕೀಬೋರ್ಡಿನ ಮಾತು ಎಲ್ಲಿಗೆ ಹೋಯಿತು ಕಾಕಾ, ಕೇಳಬೇಕೆಂದುಕೊಂಡ, ಎಷ್ಟೋ ಡೈಲಾಗು ಇದ್ದವು, ಸೋಲೋದಕ್ಕೆ ಹುಟ್ಟಿದೋನಲ್ಲ, ಬೇಡ, ಬೆರಳಿಟ್ಟ ಕಡೆ, ಬೇಡ, ಯಾವುದೂ ಸಾಲದು, ಮಂಟಪದ ಬಾಗಿಲಲ್ಲಿ ಬ್ಯಾಂಡು ನಿಂತಿತು, ಯಾರೋ ಶರಬತ್ತಿನ ಲೋಟ ಹಿಡಿದರು, ತಗೊಳ್ಳಲು ಬಲಗೈ ಚಾಚಿದ, ಕೈ ಅಲ್ಲೇ ನಿಂತಿತು, ಬಿಸಿಲಿನಲ್ಲಿ, ಬೆರಳು ತೆರೆದುಕೊಂಡು, ಮಸಿ ಇಲ್ಲ ಇವತ್ತು, ಎಣ್ಣೆ ಇಲ್ಲ, ಬರೀ ಕಟ್ಟಿಗೆಯ ಅಂಚು ಚರ್ಮಕ್ಕೆ ಕೂತು ಎದ್ದ ಗುರುತು, ಕೆಂಪಗೆ, ತೋರುಬೆರಳಿಗೆ ಒಂದು, ನಡುಬೆರಳಿಗೆ ಒಂದು, ತಗೋರಿ ಮಾಸ್ತರ, ಶರಬತ್ ತಗೋರಿ ಎನ್ನುತ್ತಿದ್ದಾರೆ ಯಾರೋ, ಯಾರಿಗೆ ಮಾಸ್ತರ ಎನ್ನುತ್ತಿದ್ದಾರೆ, ಉಂಗುರದ ಬೆರಳು, ಕೆಳಗಡೆ, ಅಕ್ಕಿಕಾಳಿನಷ್ಟು ಆ ಜಾಗ, ಅಲ್ಲೂ ಕೆಂಪು, ಅಲ್ಲೂ, ಸುತ್ತಿಕೊಂಡು ಬಂದು ತನ್ನನ್ನೇ ತಾನು ಮುಟ್ಟಿದೆ, ಬಳೆ, ದುಂಡಗೆ, ಪೂರಾ ಬಳೆ